ಸಿಟ್ಟಿಗೊಂದು ವಿಳಾಸ ಬೇಕು

ಪ್ರಶ್ನೆ



ನಾನು ಅಣ್ಣಿಗೇರಿಯವಳು, ವಯಸ್ಸು 42. ಮಾವನವರು ಬಿಟ್ಟುಹೋದ ಎಂಟು ಎಕರೆ ಎರಿಹೊಲ ಇದೆ. ನಾಲ್ಕು ನಮ್ಮ ಪಾಲು, ನಾಲ್ಕು ಮೈದುನನ ಪಾಲು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಪಾಲಾದರೂ ಬಿತ್ತುವಾಗ ಎತ್ತು, ಕೂರಿಗೆ ಎರಡೂ ಮನೆಗೆ ಸೇರಿ ಒಂದೇ ಇತ್ತು.

ನಮ್ಮ ಮನೆಯವರು ಮೊದಲಿನಿಂದಲೂ ಹೋರಾಟ ಅಂದರೆ ಮುಂದೆ. 2015ರಲ್ಲಿ ಮಹದಾಯಿ ಚಳವಳಿ ಶುರುವಾದಾಗ ಹೊಲ ನನ್ನ ಮೇಲೆ ಬಿಟ್ಟು ನರಗುಂದ, ನವಲಗುಂದ ಅಂತ ಓಡಾಡಿದರು. 2017ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಚಳಿಯಲ್ಲಿ ರಸ್ತೆ ಬದಿ ಮಲಗಿ ಬಂದರು. ಆಮೇಲೆ ತೀರ್ಪು ಬಂತು, ಪಟಾಕಿ ಹೊಡೆದರು. ಗೆಜೆಟ್ ಆಯಿತು, ಮತ್ತೆ ಪಟಾಕಿ. ಡಿಪಿಆರ್ ಒಪ್ಪಿಗೆ ಅಂದರು, ಪೇಢೆ ಹಂಚಿದರು. ನೀರು ಮಾತ್ರ ಬರಲಿಲ್ಲ. ನಮ್ಮ ನಾದಿನಿಯನ್ನು ಬೆಣ್ಣೆಹಳ್ಳದ ದಂಡೆಯ ಊರಿಗೆ ಕೊಟ್ಟಿದ್ದೇವೆ. 2019ರ ಆಗಸ್ಟಿನಲ್ಲಿ ಆಕೆಯ ಮನೆ ಹಳ್ಳದ ನೀರಿನಲ್ಲಿ ನಿಂತಾಗ ರಾಜ್ಯದಲ್ಲಿ ಮುಖ್ಯಮಂತ್ರಿ ಬಿಟ್ಟು ಒಬ್ಬ ಮಂತ್ರಿಯೂ ಇರಲಿಲ್ಲ. ಅದನ್ನು ಇವರು ಇವತ್ತಿಗೂ ಮರೆತಿಲ್ಲ.

ಈಗೀಗ ಮನುಷ್ಯನೇ ಬೇರೆ ಆಗಿದ್ದಾರೆ. ಬೆಳಗಾದರೆ ಮೊಬೈಲು, ಸಂಜೆಯಾದರೆ ಟಿವಿ. ದಿಲ್ಲಿಯಲ್ಲಿ ಅಧಿವೇಶನ ಗದ್ದಲದಲ್ಲೇ ಮುಗಿಯಿತು ಅಂದರೂ ಬೈಗುಳ, ಬೆಂಗಳೂರಿನಲ್ಲಿ ಕುರ್ಚಿ ಜಗಳ ಅಂದರೂ ಬೈಗುಳ. ರಾತ್ರಿ ಎರಡಕ್ಕೆ ಎದ್ದು ಮೊಬೈಲು ನೋಡುತ್ತ ಕೂತಿರುತ್ತಾರೆ. ನಾನು ‘ಬಿಡ್ರಿ, ನಮಗ್ಯಾಕ ಬೇಕು ಆ ರಾಜಕಾರಣ’ ಅಂದರೆ ನನ್ನ ಮೇಲೇ ಹರಿಹಾಯುತ್ತಾರೆ. ‘ಎಲ್ಲಾರೂ ಕಳ್ಳರ ಅದಾರ, ಒಬ್ಬಂವಗೂ ಓಟ್ ಹಾಕೂದಿಲ್ಲ’ ಅನ್ನುವುದೊಂದೇ ಮಾತು. ಹುಬ್ಬಳ್ಳಿಯಲ್ಲಿ ಓದುವ ಮಗನಿಗೆ 18 ತುಂಬಿದೆ. ಅವನಿಗೂ ‘ಓಟಿನ ಕಾರ್ಡ್ ಮಾಡಸೂದು ಬ್ಯಾಡ’ ಅಂತ ತಾಕೀತು ಮಾಡಿದ್ದಾರೆ.

ಮೈದುನ ಒಂದು ಪಕ್ಷದಲ್ಲಿ ಓಡಾಡಿಕೊಂಡಿದ್ದಾನೆ. ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಅವನು ಏನೋ ಹಾಕಿದ, ಇವರು ಏನೋ ಬರೆದರು, ಮಾತು ಬೆಳೆದು ಈಗ ಅಣ್ಣ ತಮ್ಮ ಮುಖ ನೋಡುವುದಿಲ್ಲ. ಬಿತ್ತಲು ಒಬ್ಬೊಬ್ಬರೂ ಬೇರೆ ಬೇರೆ ಟ್ರ್ಯಾಕ್ಟರ್ ಬಾಡಿಗೆ ಹಿಡಿಯುತ್ತಾರೆ. ಈ ಸಲದ ಎಳ್ಳಮಾಸಿಗೆ ಒಂದೇ ಹೊಲದಲ್ಲಿ, ಬದುವಿನ ಆಚೆ ಒಂದು ಈಚೆ ಒಂದು, ಎರಡು ಕಡೆ ಚರಗ ಚೆಲ್ಲಿದೆವು. ಅತ್ತೆ ಸಜ್ಜಿರೊಟ್ಟಿ ಕೈಯಲ್ಲಿ ಹಿಡಿದು ಯಾವ ಕಡೆ ಕೂರಬೇಕು ಅಂತ ತಿಳಿಯದೆ ಬದುವಿನ ಮೇಲೇ ಕೂತು ಉಂಡರು.

ಇವರಿಗೆ ತಲೆ ಕೆಟ್ಟಿದೆಯೇ, ಡಾಕ್ಟರಿಗೆ ತೋರಿಸಬೇಕೇ? ಮಗನಿಗೆ ಏನು ಹೇಳಲಿ? ಅಣ್ಣ ತಮ್ಮಂದಿರನ್ನು ಮತ್ತೆ ಹೇಗೆ ಕೂಡಿಸಲಿ?

ಹೆಸರು ಬೇಡ, ಅಣ್ಣಿಗೇರಿ

ಉತ್ತರ

ತಂಗೀ,

ಡಾಕ್ಟರ ವಿಷಯ ಮೊದಲು ಮುಗಿಸೋಣ. ನಿಮ್ಮ ಮನೆಯವರಿಗೆ ತಲೆ ಕೆಟ್ಟಿಲ್ಲ. ಅವರ ಸಿಟ್ಟಿಗೆ ಕಾರಣವಿದೆ, ಕಾರಣವಿರುವ ಸಿಟ್ಟು ರೋಗವಲ್ಲ. ಆದರೆ ವರ್ಷಗಟ್ಟಲೆ ಹೊತ್ತರೆ ಮೈಮನಸ್ಸು ಎರಡೂ ಸೊರಗುತ್ತವೆ, ಆದ್ದರಿಂದ ಕೆಲವು ಲಕ್ಷಣಗಳ ಮೇಲೆ ಕಣ್ಣಿಡಿ. ವಾರಗಟ್ಟಲೆ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಹೊಲಕ್ಕೆ ಹೋಗಲು ಕಾಲೇ ಏಳದಿರುವುದು, ಕುಡಿತ ಹತ್ತುವುದು, ‘ನಾ ಇದ್ದರೆಷ್ಟು, ಹೋದರೆಷ್ಟು’ ಎಂಬಂಥ ಮಾತು. ಈ ಕೊನೆಯ ಮಾತು ಒಂದೇ ಸಲ ಬಂದರೂ ತಡಮಾಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ನಿಮಗೆ ದೂರವೇನಲ್ಲ. ನೀವು ಬರೆದದ್ದರಲ್ಲಿ ನಿದ್ದೆಯದೊಂದೇ ಚಿಂತೆಯ ವಿಷಯ. ರಾತ್ರಿ ಊಟವಾದ ಮೇಲೆ ಮೊಬೈಲು ಪಡಸಾಲೆಯಲ್ಲೇ ಚಾರ್ಜಿಗೆ ಇರಲಿ, ಮಲಗುವ ಕೋಣೆಗೆ ಬರುವುದು ಬೇಡ. ಇದನ್ನು ಅವರೊಬ್ಬರಿಗೆ ಹಾಕಿದ ಕಟ್ಟಾಗಿ ಮಾಡಬೇಡಿ. ಮನೆಯವರೆಲ್ಲ ಪಾಲಿಸಿದರೆ ಅವರೂ ಪಾಲಿಸುತ್ತಾರೆ. ತಿಂಗಳಾದರೂ ನಿದ್ದೆ ಸರಿಹೋಗದಿದ್ದರೆ ತೋರಿಸಿ.

ಇನ್ನು ನಿಮಗೊಂದು ಮಾತು. ‘ನಮಗ್ಯಾಕ ಬೇಕು ರಾಜಕಾರಣ’ ಎನ್ನುವುದನ್ನು ಇವತ್ತಿಗೆ ಬಿಟ್ಟುಬಿಡಿ. ಸಮಾಧಾನ ಮಾಡಲೆಂದೇ ನೀವು ಅದನ್ನು ಹೇಳುತ್ತೀರಿ, ಸರಿ. ಹೊಲಮನೆ ಬಿಟ್ಟು ಬೀದಿಯಲ್ಲಿ ಕೂತು ಬಂದವರ ಕಿವಿಗೆ ಅದು ‘ನೀವು ಮಾಡಿದ್ದೆಲ್ಲ ದಂಡ’ ಎಂದು ಕೇಳುತ್ತದೆ. ಅವರು ನಿಮ್ಮ ಮೇಲೆ ಹರಿಹಾಯುವುದು ಅದಕ್ಕೇ. ಕುಡಿಯುವ ನೀರು, ಕಾಲುವೆ, ಹೆಸರಿನ ದರ, ಬೆಳೆ ವಿಮೆ ಎಲ್ಲ ಸೇರಿಯೇ ರಾಜಕಾರಣ. ಅದು ಬೇಡವೆಂದರೆ ನಿಮ್ಮ ನಾಲ್ಕು ಎಕರೆಯೂ ಬೇಡವೆಂದಂತೆ.

ಹಾಗಾದರೆ ಅವರ ದಾರಿ ಸರಿಯೇ? ಸಿಟ್ಟು ಸರಿ, ಆದರೆ ಅದು ಹೋಗುತ್ತಿರುವ ಕಡೆ ಸರಿಯಲ್ಲ. ಎಲ್ಲರ ಮೇಲೆ ಬಂದ ಸಿಟ್ಟು ಯಾರನ್ನೂ ಮುಟ್ಟುವುದಿಲ್ಲ. ದಿಲ್ಲಿಗೆ ಹೋಗಬೇಕಾದದ್ದು ನಿಮ್ಮ ಅಡುಗೆಮನೆಗೆ ಬರುತ್ತದೆ, ಬೆಂಗಳೂರಿಗೆ ಹೋಗಬೇಕಾದದ್ದು ತಮ್ಮನ ಮೇಲೆ ಬೀಳುತ್ತದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ. ‘ಎಲ್ಲಾರೂ ಕಳ್ಳರು’ ಎನ್ನುವ ಮಾತಿನಿಂದ ರಾಜಕಾರಣಿಗಳಿಗೆ ಯಾವ ನಷ್ಟವೂ ಇಲ್ಲ. ಎಲ್ಲರೂ ತಪ್ಪಿತಸ್ಥರಾದರೆ ಒಬ್ಬೊಬ್ಬರಾಗಿ ಎದ್ದು ನಿಂತು ಉತ್ತರ ಹೇಳುವ ಕಷ್ಟ ಅವರಲ್ಲಿ ಯಾರಿಗೂ ಇರುವುದಿಲ್ಲ. ಸಿಟ್ಟನ್ನು ನುಂಗಿಕೊಳ್ಳಿ ಎಂದು ನಾನು ಹೇಳುವುದಿಲ್ಲ, ಅದಕ್ಕೊಂದು ವಿಳಾಸ ಬರೆಯಿರಿ ಎನ್ನುತ್ತೇನೆ.

ಮಹದಾಯಿಯನ್ನೇ ತೆಗೆದುಕೊಳ್ಳಿ. ಟಿವಿಯಲ್ಲಿ ನೋಡಿದರೆ ಅದು ಮುಗಿಯದ ಒಂದು ಜಗಳ, ಹಾಳೆಯ ಮೇಲೆ ಬರೆದರೆ ಒಂದರ ಹಿಂದೊಂದು ಬಾಗಿಲು. ಮಹದಾಯಿ, ಮಲಪ್ರಭೆ ಎರಡೂ ಹುಟ್ಟುವುದು ಖಾನಾಪುರ ತಾಲೂಕಿನ ಕಾಡಿನಲ್ಲೇ. ಒಂದು ಗೋವಾಕ್ಕಿಳಿದು ಮಾಂಡೋವಿಯಾಗಿ ಸಮುದ್ರ ಸೇರುತ್ತದೆ, ಇನ್ನೊಂದು ಸವದತ್ತಿ ಹತ್ತಿರದ ನವಿಲುತೀರ್ಥದ ಅಣೆಕಟ್ಟಿಗೆ ಬರುತ್ತದೆ. ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬುದು ಯೋಜನೆ. 7.56 ಟಿಎಂಸಿಯ ಈ ಯೋಜನೆಗೆ 2002ರ ಏಪ್ರಿಲಿನಲ್ಲಿ ಕೇಂದ್ರ ತಾತ್ವಿಕ ಒಪ್ಪಿಗೆ ಕೊಟ್ಟಿತು, ಗೋವಾ ತಕರಾರು ತೆಗೆದ ಮೇಲೆ ಅದೇ ಸೆಪ್ಟೆಂಬರಿನಲ್ಲಿ ತಡೆಹಿಡಿಯಿತು. 2010ರ ನವೆಂಬರಿನಲ್ಲಿ ನ್ಯಾಯಮಂಡಳಿ ಆಯಿತು. 2015ರ ಜುಲೈಯಲ್ಲಿ ನರಗುಂದದಲ್ಲಿ ಧರಣಿ ಶುರುವಾಯಿತು. ಮರು ವರ್ಷ ಜುಲೈ 27ರಂದು ಕರ್ನಾಟಕದ ಮಧ್ಯಂತರ ಅರ್ಜಿಯನ್ನು ನ್ಯಾಯಮಂಡಳಿ ತಳ್ಳಿಹಾಕಿದಾಗ ನವಲಗುಂದ ಹೊತ್ತಿ ಉರಿಯಿತು, ಯಮನೂರಿನಲ್ಲಿ ಪೊಲೀಸರು ಹೆಂಗಸರು ಮುದುಕರೆನ್ನದೆ ಹೊಡೆದದ್ದನ್ನು ನಾಡೆಲ್ಲ ಟಿವಿಯಲ್ಲಿ ನೋಡಿತು. 2018ರ ಆಗಸ್ಟ್ 14ರಂದು ತೀರ್ಪು ಬಂತು. 2020ರ ಫೆಬ್ರವರಿಯಲ್ಲಿ ಅದು ಗೆಜೆಟ್ ಸೇರಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಜಲ ಆಯೋಗ ಯೋಜನೆಯ ಪರಿಷ್ಕೃತ ವಿಸ್ತೃತ ವರದಿಗೆ, ಅಂದರೆ ಡಿಪಿಆರ್‌ಗೆ ಒಪ್ಪಿತು. 2024ರ ಜನವರಿ 30ರಂದು ಕಡತ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ಮುಂದೆ ಬಂದು, ತೀರ್ಮಾನವಾಗದೆ ಮುಂದಕ್ಕೆ ಹೋಯಿತು. ವಿವಾದದಲ್ಲಿರುವ ರಾಜ್ಯಗಳು ಹಾಕಿದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ.

ಇಷ್ಟು ವರ್ಷಗಳಲ್ಲಿ ದಿಲ್ಲಿಯಲ್ಲಿ ಎರಡೂ ಬಣ ಆಳಿವೆ, ಬೆಂಗಳೂರಿನಲ್ಲಿ ಮೂರೂ ಪಕ್ಷ ಕುರ್ಚಿ ಕಂಡಿವೆ. ‘ಎಲ್ಲಾರೂ’ ಎನ್ನಲು ನಿಮ್ಮ ಮನೆಯವರಿಗೆ ಪುರಾವೆ ಬೇಕಾದಷ್ಟಿದೆ ಎಂದಾಯಿತು. ಆದರೆ ಒಂದೊಂದು ಬಾಗಿಲಿಗೂ ಬೇರೆ ಬೇರೆ ಕಾವಲುಗಾರ ಇದ್ದಾನೆ ಎಂಬುದನ್ನೂ ಇದೇ ಪಟ್ಟಿ ಹೇಳುತ್ತದೆ. ವನ್ಯಜೀವಿ ಮಂಡಳಿಯ ಅಧ್ಯಕ್ಷರು ಪ್ರಧಾನಿ, ಸ್ಥಾಯಿ ಸಮಿತಿಯ ಅಧ್ಯಕ್ಷರು ಕೇಂದ್ರ ಪರಿಸರ ಸಚಿವರು. ಆ ಬಾಗಿಲು ಬಡಿಯಬೇಕಾದವರು ನಮ್ಮ ಸಂಸದರು. ಕೋರ್ಟಿನಲ್ಲಿ ಕರ್ನಾಟಕದ ಪರ ವಕೀಲರನ್ನು ನಿಲ್ಲಿಸುವುದು, ಬೇಗ ವಿಚಾರಣೆ ಆಗಲಿ ಎಂದು ಕೇಳುವುದು ರಾಜ್ಯ ಸರಕಾರದ ಕೆಲಸ. ಅಲ್ಲಿ ಕೇಳಬೇಕಾದವರು ಶಾಸಕರು. ಸಂಸದರನ್ನು ಕೋರ್ಟಿನ ಬಗ್ಗೆ, ಶಾಸಕರನ್ನು ಮಂಡಳಿಯ ಬಗ್ಗೆ ಕೇಳಿದರೆ ಇಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸಿ ಕಾರು ಹತ್ತುತ್ತಾರೆ. ಇಷ್ಟು ವರ್ಷ ಆದದ್ದು ಬಹುಪಾಲು ಅದೇ.

ತೀರ್ಪಿನ ಒಳಗೇನಿದೆ ಎಂಬುದನ್ನೂ ಮನೆಯಲ್ಲಿ ಒಮ್ಮೆ ಕೂತು ಓದಿ. ನಮಗೆ ಸಿಕ್ಕದ್ದು 13.42 ಟಿಎಂಸಿ ಎಂದು ವೇದಿಕೆಗಳಲ್ಲಿ ಹೇಳುತ್ತಾರೆ. ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ, 1.5 ಟಿಎಂಸಿ ಮಹದಾಯಿ ಕಣಿವೆಯೊಳಗಿನ ಬಳಕೆಗೆ. ಮಲಪ್ರಭೆಗೆ ತಿರುಗಿಸಬಹುದಾದದ್ದು 3.9 ಟಿಎಂಸಿ, ಕಳಸಾದಿಂದ 1.72, ಬಂಡೂರಿಯಿಂದ 2.18. ಅದೂ ಕುಡಿಯುವ ನೀರಿಗೆಂದು. ನವಿಲುತೀರ್ಥದ ಸಾಮರ್ಥ್ಯ ಸುಮಾರು 37 ಟಿಎಂಸಿ, ಅದೇ ಎಷ್ಟೋ ವರ್ಷ ತುಂಬದೆ ಹೋಗಿದೆ. ಕುಡಿಯುವ ನೀರಿನ ಭಾರವನ್ನು ಮಹದಾಯಿ ಹೊತ್ತರೆ ಮಲಪ್ರಭೆಯ ನೀರು ಕಾಲುವೆಗೆ ಉಳಿದೀತು ಎಂಬುದು ರೈತರ ಲೆಕ್ಕ. ಲೆಕ್ಕ ನ್ಯಾಯವಾದದ್ದೇ. ಆದರೆ ಹಾಗೆ ಉಳಿದ ನೀರು ನಿಮ್ಮ ಭಾಗದ ಕಾಲುವೆಯ ಕೊನೆಯವರೆಗೆ ಬರುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ಪಟಾಕಿ ಹೊಡೆದವರು ಇದನ್ನು ಬಿಡಿಸಿ ಹೇಳಲಿಲ್ಲ. ನಿಮ್ಮ ಮನೆಯವರಿಗೆ ಮೋಸ ಹೋದಂತೆ ಅನ್ನಿಸುವುದರಲ್ಲಿ ಇದರ ಪಾಲೂ ಇರಬೇಕು.

ಗೋವಾದವರಿಗೂ ಮಾಂಡೋವಿ ಬತ್ತೀತು, ಮಹದಾಯಿ ಅಭಯಾರಣ್ಯ ಒಣಗೀತು ಎಂಬ ಭಯವಿದೆ. ಬಿಟ್ಟುಕೊಟ್ಟ ನಾಯಕ ಅಲ್ಲಿ ಮತ್ತೆ ಗೆದ್ದು ಬರುವುದು ಕಷ್ಟ. ಇದು ಬರೀ ಕಳ್ಳತನದಿಂದ ಆದ ಗಂಟಲ್ಲ, ಅದಕ್ಕೇ ಬರೀ ಬೈಗುಳದಿಂದ ಬಿಚ್ಚುವುದೂ ಇಲ್ಲ.

ಇನ್ನು ನಿಮ್ಮ ಸೀಮೆಯದೇ ಒಂದು ನೆನಪು. 1980ರಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರು ಎದ್ದು ನಿಂತಾಗ ಅವರ ಬಾಯಲ್ಲಿ ‘ಎಲ್ಲಾರೂ ಕಳ್ಳರು’ ಎಂಬ ಘೋಷಣೆ ಇರಲಿಲ್ಲ. ಹೊಲಕ್ಕೆ ನೀರು ಸರಿಯಾಗಿ ಬರುವ ಮೊದಲೇ ಹಾಕಿದ ಬೆಟರ್‌ಮೆಂಟ್ ಲೆವಿ ಎಂಬ ಕರವನ್ನು ಕಟ್ಟುವುದಿಲ್ಲ, ಅದನ್ನು ತೆಗೆಯಿರಿ ಎಂದರು. ಬೇಡಿಕೆ ಯಾವುದು, ಯಾರು ಈಡೇರಿಸಬೇಕು ಎರಡೂ ಸ್ಪಷ್ಟವಿತ್ತು. ಜುಲೈ 21ರಂದು ಗೋಲಿಬಾರ್ ಆಗಿ ನವಲಗುಂದದಲ್ಲಿ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ವೀರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ಆಗಬಾರದ ಸಾವುಗಳವು. ಆದರೆ ಆ ಚಳವಳಿ ಅಲ್ಲಿಗೆ ನಿಲ್ಲಲಿಲ್ಲ. ಲೆವಿಯ ವಿಷಯದಲ್ಲಿ ಆಗಿನ ಮುಖ್ಯಮಂತ್ರಿ ಗುಂಡೂರಾಯರ ಸರಕಾರ ಹಿಂದೆ ಸರಿಯಬೇಕಾಯಿತು, ರಾಜ್ಯಕ್ಕೆಲ್ಲ ರೈತ ಸಂಘ ಹಬ್ಬಿತು. 1983ರ ಜನವರಿಯಲ್ಲಿ ಕರ್ನಾಟಕ ಮೊದಲ ಸಲ ಕಾಂಗ್ರೆಸ್ಸೇತರ ಸರಕಾರ ಕಂಡಿತು, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಕಾಂಗ್ರೆಸ್ಸಿನ ಆ ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ನರಗುಂದ ನವಲಗುಂದದ ಹೆಸರು ತೆಗೆಯದೆ ಆ ಚುನಾವಣೆಯ ಕಥೆ ಹೇಳುವವರಿಲ್ಲ. ಬಂದೂಕಿನ ಮುಂದೆ ನಿಂತ ಜನ ಎರಡೂವರೆ ವರ್ಷದ ಮೇಲೆ ಮತಗಟ್ಟೆಯ ಮುಂದೆಯೂ ಸಾಲಾಗಿ ನಿಂತರು. ಓಟು ಹಾಕುವುದಿಲ್ಲ ಎಂದು ಮನೆಯಲ್ಲಿ ಕೂತಿದ್ದರೆ ಗುಂಡೂರಾಯರಿಗೆ ಅದಕ್ಕಿಂತ ಒಳ್ಳೆಯ ಸುದ್ದಿ ಇರುತ್ತಿರಲಿಲ್ಲ.

ಈಗ 2019. ನಿಮ್ಮ ಮನೆಯವರ ಮನಸ್ಸಿನಲ್ಲಿ ಕೊರೆಯುವ ವರ್ಷ ಅದು, ಕೊರೆಯಬೇಕಾದದ್ದೇ. ಜುಲೈ ತಿಂಗಳಿಡೀ ಶಾಸಕರು ಮುಂಬೈನ ಹೋಟೆಲು, ಬೆಂಗಳೂರಿನ ರೆಸಾರ್ಟು ಎಂದು ಕೂತರು. 23ರಂದು ಕುಮಾರಸ್ವಾಮಿ ಸರಕಾರ 99ಕ್ಕೆ 105 ಮತಗಳಿಂದ ಬಿತ್ತು. 26ರಂದು ಯಡಿಯೂರಪ್ಪ ಪ್ರಮಾಣವಚನ ತೆಗೆದುಕೊಂಡರು. ಸಂಪುಟ ಆದದ್ದು ಆಗಸ್ಟ್ 20ಕ್ಕೆ. ಬೆಣ್ಣೆಹಳ್ಳ, ಮಲಪ್ರಭೆ ಉಕ್ಕಿ ಹರಿದದ್ದು ಈ ನಡುವಿನ ದಿನಗಳಲ್ಲೇ. ಇದಕ್ಕೆ ಸಿಟ್ಟು ಬಾರದಿದ್ದರೆ ಯಾವುದಕ್ಕೆ ಬರಬೇಕು?

ಆದರೆ ನಾದಿನಿಯನ್ನು ಒಂದು ಮಾತು ಕೇಳಿ ನೋಡಿ. ಆಕೆಯ ಮನೆಗೆ ಪರಿಹಾರ ಎಷ್ಟು ಬಂತೆಂದು ತೀರ್ಮಾನಿಸಿದ್ದು ಯಾವ ಹಾಳೆ? ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು. ಪೂರ್ತಿ ಬಿದ್ದ ಮನೆಗೆ ಐದು ಲಕ್ಷ ಎಂದು ಸರಕಾರ ಹೇಳಿತು, ಕೆಳಗಿನ ವರ್ಗಕ್ಕೆ ಹೋದರೆ ಹಣ ಎಷ್ಟೋ ಪಾಲು ಕಡಿಮೆ. ಆ ಅಕ್ಷರ ಬರೆದದ್ದು ಮಂತ್ರಿಯಲ್ಲ. ತಲಾಟಿ, ಪಿಡಿಒ, ಎಂಜಿನಿಯರು ಓಣಿಗೆ ಬಂದು ಗೋಡೆ ನೋಡಿ ಬರೆದರು, ತಹಶೀಲ್ದಾರ ಕಚೇರಿಯಲ್ಲಿ ಅದು ಕಂಪ್ಯೂಟರಿಗೆ ಹೋಯಿತು. ಆಗ ಊರಿನವರು ಕೂಡಿ ಪಟ್ಟಿ ಕೇಳಿ, ಓದಿಸಿ, ತಪ್ಪಿದ್ದಲ್ಲಿ ಅಲ್ಲೇ ತಕರಾರು ಬರೆದುಕೊಟ್ಟರೆ ತಿದ್ದಲು ದಾರಿ ಇರುತ್ತದೆ. ಎಲ್ಲರೂ ಟಿವಿಯ ಮುಂದೆ ಕೂತು ಸಂಪುಟ ಯಾವಾಗ ಎಂದು ಕಾದರೆ ಆ ದಾರಿ ಮುಚ್ಚಿಹೋಗುತ್ತದೆ. ಮೇಲೆ ಸರಕಾರ ಇಲ್ಲದಿದ್ದರೂ ಕೆಳಗಿನ ಕೆಲಸ ನಡೆಯಬಲ್ಲದು. ಬೆಲ್ಜಿಯಂ ದೇಶ 2010ರ ಜೂನ್‌ನಿಂದ 2011ರ ಡಿಸೆಂಬರಿನವರೆಗೆ 541 ದಿನ ಪೂರ್ಣ ಪ್ರಮಾಣದ ಕೇಂದ್ರ ಸರಕಾರವೇ ಇಲ್ಲದೆ ಇತ್ತು. ಹಂಗಾಮಿ ಸರಕಾರವೊಂದು ದಿನದ ಕೆಲಸ ನೋಡಿಕೊಂಡಿತು, ಅಲ್ಲಿನ ಪ್ರಾಂತ ಸರಕಾರಗಳು, ಪುರಸಭೆಗಳು ಗಟ್ಟಿಯಾಗಿದ್ದವು, ಶಾಲೆ, ಬಸ್ಸು, ಆಸ್ಪತ್ರೆ ನಡೆದವು. ಮೇಲೆ ಬಿಕ್ಕಟ್ಟಾದಾಗ ಕೆಳಗಿನದು ಎಷ್ಟು ಗಟ್ಟಿ ಎಂಬುದರ ಮೇಲೆ ಜನರ ಪಾಡು ನಿಂತಿರುತ್ತದೆ.

ನಮ್ಮಲ್ಲಿ ಆ ಕೆಳಗಿನದರ ಗತಿ ಏನು? ಜಿಲ್ಲಾ ಪಂಚಾಯಿತಿ, ತಾಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ, ಅಧಿಕಾರಿಗಳೇ ನಡೆಸಿದರು. ಹೋರಾಟ ಮಾಡಿ ಅಣ್ಣಿಗೇರಿಯನ್ನು ತಾಲೂಕು ಮಾಡಿಸಿಕೊಂಡಿರಿ. ಹಳ್ಳಿಯ ಪಂಚಾಯಿತಿಗೂ ವಿಧಾನಸಭೆಗೂ ನಡುವೆ ಇರಬೇಕಾದ ಎರಡು ಮೆಟ್ಟಿಲು ಮಾತ್ರ ಕಾಣೆಯಾದವು. ಯಾವ ಚಾನೆಲ್ಲೂ ಇದರ ಬಗ್ಗೆ ಸಂಜೆ ಏಳಕ್ಕೆ ಕೂಗಾಡಲಿಲ್ಲ. ನಿಮ್ಮ ಮನೆಯವರ ಸಿಟ್ಟಿಗೆ ಒಳ್ಳೆಯ ವಿಳಾಸ ಹುಡುಕುತ್ತಿದ್ದರೆ ನಾನು ಮೊದಲು ಬರೆಯುವುದು ಇದನ್ನೇ.

ಮಗನ ವಿಷಯಕ್ಕೆ ಬರೋಣ. ಅಪ್ಪನ ನಿರಾಸೆಯನ್ನು ಮಗನಿಗೆ ಆಸ್ತಿಯಂತೆ ವರ್ಗ ಮಾಡಿಕೊಡಲು ಬರುವುದಿಲ್ಲ. ಅವನು ಇನ್ನೂ ಒಂದು ಸಲವೂ ಓಟು ಹಾಕಿ ಮೋಸ ಹೋಗಿಲ್ಲ! ಕಾರ್ಡ್ ಮಾಡಿಸಲಿ. ನಮೂನೆ 6 ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಗೆ ಕೊಟ್ಟರೂ ಆಯಿತು, ಮೊಬೈಲಿನಲ್ಲಿ ಅರ್ಜಿ ಹಾಕಿದರೂ ಆಯಿತು. ಆಮೇಲೆ ಯಾರೂ ಬೇಡವೆನ್ನಿಸಿದರೆ ನೋಟಾ ಇದೆ, 2013ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ್ದು. ಅದರ ಮಿತಿಯನ್ನೂ ತಿಳಿದಿರಲಿ. ನೋಟಾಕ್ಕೆ ಎಷ್ಟೇ ಮತ ಬಿದ್ದರೂ ಉಳಿದವರಲ್ಲಿ ಹೆಚ್ಚು ಪಡೆದವರೇ ಗೆಲ್ಲುತ್ತಾರೆ. ಆದರೂ ಮನೆಯಲ್ಲಿ ಕೂತವನ ಸಿಟ್ಟು ಯಾವ ಲೆಕ್ಕಕ್ಕೂ ಬರುವುದಿಲ್ಲ, ನೋಟಾ ಒತ್ತಿದವನದು ಎಣಿಕೆಯ ಹಾಳೆಯಲ್ಲಿ ಕಾಣುತ್ತದೆ. ಊರಿಗೆ ಊರೇ ಮತದಾನ ಬಹಿಷ್ಕಾರ ಎಂದಾಗ ತಹಶೀಲ್ದಾರರು ಜೀಪು ಹತ್ತಿ ಮನವೊಲಿಸಲು ಬರುತ್ತಾರೆ, ಒಬ್ಬನೇ ಬಹಿಷ್ಕರಿಸಿದರೆ ಯಾರೂ ಬರುವುದಿಲ್ಲ.

ಅಪ್ಪ ಮಗನಿಗೆ ಒಂದು ಕೆಲಸ ಹಚ್ಚಿ. ಒಂದು ನೋಟ್‌ಬುಕ್ಕು ತಂದುಕೊಡಿ. ಮಗ ರಜೆಗೆ ಬಂದಾಗ ಮಹದಾಯಿಯ ಕಥೆಯನ್ನು ಅಪ್ಪ ಹೇಳಲಿ, ಅವನು ಇಸವಿ ಹಾಕಿ ಬರೆಯಲಿ. ನಿಮ್ಮ ಮನೆಯವರು ಆ ಬೀದಿಗಳಲ್ಲಿ ಕೂತು ಕಂಡದ್ದು ಯಾವ ಗೆಜೆಟ್ಟಿನಲ್ಲೂ ಇಲ್ಲ. ಹಾಗೆ ಬರೆಯುವಾಗ ಗೊತ್ತಿಲ್ಲದ ಜಾಗಗಳು ತಾವಾಗಿಯೇ ಕಾಣುತ್ತವೆ: ಕೋರ್ಟಿನಲ್ಲಿ ಕೊನೆಯ ವಿಚಾರಣೆ ಯಾವಾಗ ಆಯಿತು, ಕಳಸಾ ಕಾಮಗಾರಿಯ ಟೆಂಡರು ಯಾವ ಹಂತದಲ್ಲಿದೆ, ನಮ್ಮ ಕಾಲುವೆಯ ಕೊನೆಗೆ ಹೋದ ವರ್ಷ ಎಷ್ಟು ದಿನ ನೀರು ಬಿಟ್ಟರು. ಒಂದೊಂದನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಕಾಲುವೆಯದನ್ನು ಕರ್ನಾಟಕ ನೀರಾವರಿ ನಿಗಮಕ್ಕೆ ಕೇಳಿ. ‘ನೀರು ಯಾಕೆ ಕೊಡುತ್ತಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ‘ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಷ್ಟು ಬಿಟ್ಟಿರಿ, ದಾಖಲೆಯ ನಕಲು ಕೊಡಿ’ ಎಂದು ಕೇಳಿ. ರಾತ್ರಿ ಎರಡರ ಮೊಬೈಲಿಗಿಂತ ಈ ನೋಟ್‌ಬುಕ್ಕು ಅವರ ಕೈಗೆ ಹೆಚ್ಚು ಒಗ್ಗೀತು ಎಂದು ನನಗನ್ನಿಸುತ್ತದೆ.

ಅಣ್ಣ ತಮ್ಮಂದಿರ ಗಂಟು ಇವುಗಳಲ್ಲೆಲ್ಲ ಕಠಿಣ. ಯಾವ ಪಕ್ಷ ಸರಿ ಎಂಬ ಮಾತು ತೆಗೆದು ಅವರನ್ನು ಕೂಡಿಸಲು ಹೋಗಬೇಡಿ, ಅದು ಈ ಜನ್ಮದಲ್ಲಿ ಆಗುವುದಲ್ಲ. ಮೊದಲು ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಮದುವೆ, ಕಾಯಿಲೆ, ಹಬ್ಬದ ಮಾತು ಬಿಟ್ಟು ಬೇರೆ ಹಾಕಬಾರದು ಎಂಬ ನೇಮ ಆಗಲಿ. ಅದನ್ನು ನೀವು ಹೇಳಿದರೆ ಒಂದು ಕಡೆಯವಳಾಗುತ್ತೀರಿ, ನಿಮ್ಮ ಅತ್ತೆಯ ಬಾಯಿಂದ ಬರಲಿ. ಆ ಎಳ್ಳಮಾಸಿಯಂದು ಎರಡೂ ಕಡೆಯವರಿಗೆ ಏನೂ ಹೇಳದೆ ಬದುವಿನ ಮೇಲೆ ಕೂತವರು ಅವರು. ಅವರ ಮಾತನ್ನು ಇಬ್ಬರೂ ಮೀರಲಾರರು.

ಆಮೇಲೆ ಮೈದುನನನ್ನು ಬೇರೆ ಕಣ್ಣಿನಿಂದ ನೋಡಿ. ಅವನು ಪಕ್ಷದಲ್ಲಿದ್ದಾನೆ ಎಂಬುದು ಇವತ್ತು ಮನೆಯ ಜಗಳದ ಮೂಲ, ಆದರೆ ನಾಯಕರ ಬಾಗಿಲೊಳಗೆ ಕಾಲಿಡಬಲ್ಲವನು ನಿಮ್ಮ ಮನೆಯಲ್ಲಿ ಅವನೊಬ್ಬನೇ. ‘ನಿನ್ನ ಪಕ್ಷ ಬಿಡು’ ಎಂದು ಅಣ್ಣ ಹೇಳಿದರೆ ತಮ್ಮ ಕಿವಿ ಮುಚ್ಚಿಕೊಳ್ಳುತ್ತಾನೆ. ‘ನಿನ್ನ ಪಕ್ಷದವರನ್ನು ನೀನೇ ಇದೊಂದು ಕೇಳು’ ಎಂದರೆ ಇಲ್ಲವೆನ್ನಲು ಅವನಿಗೆ ಕಾರಣವಿಲ್ಲ. ಎದುರು ಪಕ್ಷದವರನ್ನು ಬೈಯಲು ಎಂಟೆದೆ ಬೇಕಿಲ್ಲ, ಅದನ್ನು ಎಲ್ಲರೂ ದಿನಾ ಮಾಡುತ್ತಾರೆ. ತನ್ನ ಪಕ್ಷದ ಶಾಸಕರನ್ನು ಸಭೆಯಲ್ಲಿ ನಿಲ್ಲಿಸಿ ‘ಸಾಹೇಬ್ರ, ಕಡತ ಎಲ್ಲಿ ನಿಂತೈತಿ ಹೇಳ್ರಿ’ ಎಂದು ಕೇಳಲು ಬೇಕು. ಊರೂರಿನಲ್ಲಿ ಕಾರ್ಯಕರ್ತರು ತಮ್ಮವರನ್ನೇ ಹೀಗೆ ಕೇಳತೊಡಗಿದರೆ ನಾಯಕರಿಗೆ ಆಗುವ ಮುಜುಗರ ನೂರು ಬಂದ್‌ಗಳಿಗೆ ಆಗದು. ಆ ಕೆಲಸ ತಮ್ಮನಿಂದ ಮಾತ್ರ ಆಗುವಂಥದು, ಪ್ರಶ್ನೆಯನ್ನು ಚೂಪು ಮಾಡಿಕೊಡುವುದು ಅಣ್ಣನಿಗೆ ಮಾತ್ರ ಗೊತ್ತು. ಇಬ್ಬರ ನಡುವೆ ಓಡಾಡಲು ನಿಮ್ಮ ಮಗ ಇದ್ದಾನೆ. ಅವನಿಗೆ ಕಾಕಾನೂ ಬೇಕು, ಅಪ್ಪನೂ ಬೇಕು.

ಬಿತ್ತುವ ಖರ್ಚಿನ ಲೆಕ್ಕವನ್ನೂ ನೀವೇ ಹಾಕಿ ಇಬ್ಬರ ಮುಂದೂ ಇಡಿ. ಎರಡು ಟ್ರ್ಯಾಕ್ಟರಿನ ಬಾಡಿಗೆ ಎಷ್ಟಾಯಿತು, ಒಂದೇ ದಿನ ಒಂದೇ ಗಾಡಿ ಕರೆದು ಎಂಟೂ ಎಕರೆ ಮುಗಿಸಿದ್ದರೆ ಎಷ್ಟು ಉಳಿಯುತ್ತಿತ್ತು. ರಾಜಿ ಮಾಡಿಕೊಳ್ಳಿ ಎಂದರೆ ಗಂಡಸರಿಗೆ ಸೋತಂತೆ ಅನ್ನಿಸುತ್ತದೆ, ಖರ್ಚು ಉಳಿಸೋಣ ಎಂದರೆ ಜಾಣತನ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿದರೆ ಮಹದಾಯಿ ನೀರು ಬರುತ್ತದೆಯೇ? ಅದನ್ನು ನಾನು ಹೇಳಲಾರೆ, ಹೇಳಿದರೆ ಪೇಢೆ ಹಂಚಿದವರ ಸಾಲಿಗೆ ಸೇರುತ್ತೇನೆ. ಬರಲು ಇನ್ನೂ ವರ್ಷಗಳು ಹಿಡಿದಾವು. ಅಲ್ಲಿಯವರೆಗೆ ನಿಮ್ಮ ಮನೆಯವರು ಸಿಟ್ಟು ಬಿಡದೆ ಇರಲಿ, ಆ ಸಿಟ್ಟಿಗೆ ಮನೆಮಂದಿ ಬಲಿಯಾಗುವುದು ಬೇಡ.

ಮೊದಲ ಹೆಜ್ಜೆ ಈ ತಿಂಗಳೇ ಇಡಿ. ಒಂದೇ ಹಾಳೆ, ಎರಡೇ ಪ್ರಶ್ನೆ. ಸಂಸದರಿಗೆ: ವನ್ಯಜೀವಿ ಮಂಡಳಿಯ ಮುಂದೆ ಕಡತ ಮತ್ತೆ ಬರುವುದು ಯಾವಾಗ, ಅದಕ್ಕಾಗಿ ತಾವು ಯಾವ ತಾರೀಖು ಯಾರಿಗೆ ಪತ್ರ ಬರೆದಿರಿ? ಶಾಸಕರಿಗೆ: ಕೋರ್ಟಿನಲ್ಲಿ ಬೇಗ ವಿಚಾರಣೆಗೆ ರಾಜ್ಯ ಎಷ್ಟು ಸಲ ಕೇಳಿದೆ, ಆ ಅರ್ಜಿಗಳ ನಕಲು ಎಲ್ಲಿವೆ? ಕೆಳಗೆ ಅಣ್ಣ ತಮ್ಮ ಇಬ್ಬರ ಸಹಿ, ಪಕ್ಕದಲ್ಲಿ ನಿಮ್ಮ ಸಹಿಯೂ ಇರಲಿ, ಆ ಹೊಲ ನಡೆಸಿದವರು ನೀವು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿಯನ್ನು ಆ ನೋಟ್‌ಬುಕ್ಕಿಗೆ ಅಂಟಿಸಿ. ಉತ್ತರ ಬಂದರೆ ಓಣಿಯವರಿಗೆಲ್ಲ ಓದಿ ಹೇಳಿ. ಬರದಿದ್ದರೆ ಹಾಳೆಯ ನಕಲನ್ನು ಜೋಪಾನವಾಗಿಡಿ. ಮುಂದಿನ ಸಲ ಕೈಮುಗಿದುಕೊಂಡು ಓಟು ಕೇಳಲು ಬಂದವರಿಗೆ ಬೈಯುವುದು ಬೇಡ, ಚಹಾ ಕೊಟ್ಟು ಕೂರಿಸಿ ಅದನ್ನೇ ಕೈಗಿಡಿ.